ಸಾಹೇಬರ ಪೂರ್ವಾಪರ ವಿಚಾರಿಸಲು ಕಿರುಗಾವಲಿಗೆ ಹೋದದ್ದು

ತೇಜು, ಇಂಚರ, ನಾಚಿಕೆಯ ಸ್ವಭಾವದವರ ಬಗ್ಗೆ ಲೋಕಕ್ಕೆ ಒಂದು ತಪ್ಪು ಕಲ್ಪನೆ ಇದೆ. ಅವರು ಮಾತಾಡುವುದಿಲ್ಲ, ಆದ್ದರಿಂದ ಅವರಿಗೆ ಏನೂ ತಿಳಿಯುವುದಿಲ್ಲ ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಮಾತಾಡುವವರಿಗೆ ಕೇಳಿಸಿಕೊಳ್ಳಲು ಪುರಸೊತ್ತೇ ಇರುವುದಿಲ್ಲ. ಊರಿನ ಸುದ್ದಿಯೆಲ್ಲ ಬಂದು ಬೀಳುವುದು ನನ್ನಂಥವರ ಕಿವಿಗೆ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಆ ಏಳು ವರ್ಷದಲ್ಲಿ ಮೇಷ್ಟರು ಕೇಳಿದ ಪ್ರಶ್ನೆಗೆ ಒಂದು ಸಲವೂ ಎದ್ದು ನಿಂತು ಉತ್ತರ ಹೇಳಲಿಲ್ಲ. ಉತ್ತರ ಗೊತ್ತಿರುತ್ತಿತ್ತು. ಪಕ್ಕದಲ್ಲಿದ್ದ ಗೆಳತಿಯ ಕಿವಿಯಲ್ಲಿ ಹೇಳುತ್ತಿದ್ದೆ, ಅವಳು ಎದ್ದು ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದಳು. ಮುಂದೆ ಅವಳು ಟೀಚರಾದಳು, ನಾನು ನಿಮ್ಮಜ್ಜಿಯಾದೆ. ಇಂಥ ನಾನು, ಅರವತ್ತಾರನೆಯ ವಯಸ್ಸಿನಲ್ಲಿ, ಒಂದು ಬುಧವಾರ ನಿಮ್ಮಮ್ಮನಿಗೂ ಹೇಳದೆ ಪತ್ತೇದಾರಿ ಕೆಲಸಕ್ಕೆ ಹೊರಟೆ. ಅವತ್ತು ನೀವಿಬ್ಬರೂ ಸ್ಕೂಲಿನಲ್ಲಿದ್ದಿರಿ, ಟಿಫನ್ ಡಬ್ಬಿಗೆ ಚಿತ್ರಾನ್ನ ಹಾಕಿ ಕಳಿಸಿದ್ದೆ. ಉಪ್ಪು ಹಾಕುವುದನ್ನು ಮರೆತಿದ್ದೆ ಎಂದು ಸಂಜೆ ನೀವೇ ಹೇಳಿದಿರಿ. ಏಕೆ ಮರೆತೆ ಎನ್ನುವುದಕ್ಕೆ ಇದು ಉತ್ತರ.

ಮೊದಲು ಒಂದು ಹಳೆಯ ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಕಡೆ ಹೆಣ್ಣು ಕೊಡುವುದಕ್ಕೆ ಮುಂಚೆ ಗಂಡಿನ ಊರಿಗೆ ಗುಟ್ಟಾಗಿ ಹೋಗಿ ವಿಚಾರಿಸುತ್ತಿದ್ದರು. ಹೋಗುವವರು ಕಾರಣ ಹೇಳುವ ಹಾಗಿಲ್ಲ. ಹುಲ್ಲು ಕೊಳ್ಳಲು ಬಂದೆವು, ಕರು ನೋಡಲು ಬಂದೆವು ಎಂದು ಟೀ ಅಂಗಡಿಯಲ್ಲಿ ಕೂತು, ಮಾತಿನ ಮಧ್ಯೆ ಆ ಹುಡುಗನ ಹೆಸರು ತೆಗೆಯಬೇಕು. ‘ಯಾಕ್ ಕೇಳ್ತೀರಾ?’ ಎಂದರೆ ‘ಸುಮ್ನೆ, ಅಂಗೇ ಕೇಳ್ದೋ’ ಎನ್ನಬೇಕು. ಗಂಡಸರು ಹೋದರೆ ಎರಡು ಟೀ ಕುಡಿದು ‘ಒಳ್ಳೇ ಜನ ಕಣಮ್ಮ’ ಎಂದು ವಾಪಸ್ಸು ಬರುತ್ತಿದ್ದರು. ಒಂದು ಸಲ ನಮ್ಮತ್ತೆ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ನಾನು ಹಿತ್ತಲಲ್ಲಿ ಹೆಂಗಸರ ಜೊತೆ ಅವರೆಕಾಯಿ ಸುಲಿಯುತ್ತಾ ಒಂದು ಮಾತೂ ಆಡದೆ ಕೂತಿದ್ದೆ. ಅರ್ಧ ಮೊರ ಕಾಳು ಆಗುವಷ್ಟರಲ್ಲಿ ಆ ಹುಡುಗನಿಗೆ ಆಗಲೇ ಒಂದು ಮದುವೆಯಾಗಿರುವುದು ತಿಳಿಯಿತು. ಅಂದಿನಿಂದ ನಮ್ಮ ನೆಂಟರಲ್ಲಿ ಯಾರಿಗೇ ಸಂಬಂಧ ನೋಡಿದರೂ ‘ಅವ್ಳನ್ನ ಕರ್ಕೊಂಡೋಗಿ, ಸುಮ್ನೆ ಕೂರ್ಸಿ ಸಾಕು’ ಎನ್ನುವಂತಾಯಿತು. ಈ ಕೆಲಸದಲ್ಲಿ ನಾನು ಕಲಿತದ್ದು ಒಂದೇ. ಗಂಡು ಈಗ ಎಲ್ಲಿದ್ದಾನೋ ಅಲ್ಲಿ ವಿಚಾರಿಸಿ ಪ್ರಯೋಜನವಿಲ್ಲ, ಅವನು ಬಿಟ್ಟುಬಂದ ಜಾಗದಲ್ಲಿ ವಿಚಾರಿಸಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮಮ್ಮ ಸುಧಾ, ನಿಮ್ಮ ನಸೀಮಾ ಆಂಟಿ ಸೇರಿ ಸೋಮನಹಳ್ಳಿಯಲ್ಲಿ ಡಬ್ಬಿ ಮಾಡುವ ಕಾರ್ಖಾನೆ ಶುರು ಮಾಡಿದ್ದು ನಿಮಗೆ ಗೊತ್ತು. ಪಂಪ್‌ಸೆಟ್ಟಿಗೆ ಹಾಕುವ ಡಬ್ಬಿ. ಕರೆಂಟು ಬಂದರೆ ರೈತನ ಫೋನಿಗೆ ಕರೆ ಬರುತ್ತದೆ, ಅವನು ಮನೆಯಲ್ಲಿ ಕೂತೇ ಮೋಟಾರು ಹಾಕಬಹುದು, ಆರಿಸಬಹುದು. ನಸೀಮಾಳ ತಂದೆ ಮದ್ದೂರಿನಲ್ಲಿ ಸುಟ್ಟ ಮೋಟಾರಿಗೆ ವೈಂಡಿಂಗ್ ಮಾಡುವವರು. ಮೋಟಾರು ಏಕೆ ಸುಡುತ್ತದೆ ಎನ್ನುವುದನ್ನು ಅವಳು ಹಾಲು ಕುಡಿಯುವಾಗಲೇ ನೋಡಿದವಳು. ನಿಮ್ಮಮ್ಮ ಓದಿದ್ದು ಎಲೆಕ್ಟ್ರಾನಿಕ್ಸು. ಇಬ್ಬರೂ ಮಂಡ್ಯದ ಕಾಲೇಜಿನಲ್ಲಿ ಒಂದೇ ಬೆಂಚು. ಕಾರ್ಖಾನೆಯಲ್ಲಿ ಇಪ್ಪತ್ತೆರಡು ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಡಬ್ಬಿ ಚೆನ್ನಾಗಿತ್ತು, ಆದರೆ ಹೊರಗಿನ ದೊಡ್ಡ ಕಂಪನಿಯೊಂದು ಅದೇ ಥರದ ಡಬ್ಬಿಯನ್ನು ಕಡಿಮೆ ಬೆಲೆಗೆ ತಂದು ಸುರಿಯಲು ಶುರುಮಾಡಿತ್ತು. ಇವರೂ ದೊಡ್ಡದಾಗಿ ಮಾಡಬೇಕು, ಇಲ್ಲವೇ ಬಾಗಿಲು ಹಾಕಬೇಕು ಎನ್ನುವ ಹೊತ್ತಿಗೆ ಬೆಂಗಳೂರಿನಿಂದ ಪ್ರೈವೇಟ್ ಈಕ್ವಿಟಿಯವರ ಫೋನು ಬಂತು.

ಪ್ರೈವೇಟ್ ಈಕ್ವಿಟಿ ಎಂದರೆ ಏನು ಎಂದು ನಾನು ನಸೀಮಾಳನ್ನು ಕೇಳಿದೆ. ನಿಮ್ಮಮ್ಮನನ್ನು ಕೇಳಿದರೆ ಅವಳು ಬೋರ್ಡಿನ ಮೇಲೆ ಬರೆದು ವಿವರಿಸುತ್ತಾಳೆ, ನನಗೆ ಭಯ. ನಸೀಮಾ ಹೇಳಿದಳು: ‘ಅಮ್ಮಾ, ಅವ್ರು ನಮ್ ಕಂಪ್ನೀಲಿ ಪಾಲು ತಗೋತಾರೆ. ದುಡ್ಡು ಹಾಕ್ತಾರೆ, ಬುದ್ಧೀನೂ ಹೇಳ್ತಾರೆ. ಕಂಪ್ನಿ ಬೆಳೆಸ್ತಾರೆ. ಐದು ವರ್ಷ ಆದ್ಮೇಲೆ ಅವ್ರ ಪಾಲು ಮಾರ್ಕೊಂಡು ಹೋಗ್ತಾರೆ.’

‘ಯಾರಿಗೆ ಮಾರ್ತಾರೆ?’

‘ಅದು ಆವಾಗ್ಲೇ ಗೊತ್ತಾಗೋದು.’

ಬಿಟ್ಟುಹೋಗುವ ದಿನವನ್ನು ಒಪ್ಪಿಗೆ ಶಾಸ್ತ್ರದಲ್ಲೇ ಗೊತ್ತುಮಾಡುವ ಗಂಡನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಿಮ್ಮ ತಾತ ಮಂಡ್ಯದ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಮಧ್ಯದಲ್ಲಿ ಒಂದು ಸಲ ಬೇರೆ ಕುರ್ಚಿ ಕೊಟ್ಟಾಗ ರಜೆ ಹಾಕಿ ಮನೆಗೆ ಬಂದು ಮಲಗಿದ್ದರು. ಮೂರನೆಯ ದಿನ ಆ ಕಚೇರಿಯವರೇ ಹಳೆಯ ಕುರ್ಚಿಯನ್ನು ವಾಪಸ್ಸು ತಂದಿಟ್ಟರು. ಅಂಥವರ ಜೊತೆ ಬಾಳಿದವಳು ನಾನು.

ಅವತ್ತು ಸಂಜೆ ನಿಮ್ಮಮ್ಮ ಆ ಪ್ರೈವೇಟ್ ಈಕ್ವಿಟಿಯವರ ಫೋಟೋಗಳನ್ನು ಫೋನಿನಲ್ಲಿ ತೋರಿಸಿದಳು. ಐದು ಜನ ಗಂಡಸರು, ಒಬ್ಬರು ಹೆಂಗಸು. ಎಲ್ಲರೂ ಕೈಕಟ್ಟಿ ನಿಂತಿದ್ದರು. ನಾವು ಮೇಷ್ಟರ ಮುಂದೆ ಭಯಕ್ಕೆ ಕೈ ಕಟ್ಟುತ್ತಿದ್ದೆವು, ಇವರು ಧೈರ್ಯಕ್ಕೆ ಕಟ್ಟಿದ್ದರು. ಪ್ರತಿಯೊಬ್ಬರ ಕೆಳಗೂ ಅವರು ಹಿಂದೆ ಏನಾಗಿದ್ದರು ಎನ್ನುವ ವಿವರ. ಒಬ್ಬರು ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಗೆ ಮುಖ್ಯಸ್ಥರಾಗಿದ್ದವರು. ಒಬ್ಬರು ಫೋನಿನ ಟವರುಗಳ ಕಂಪನಿಯನ್ನು ನಡೆಸಿದವರು. ಆ ಹೆಂಗಸು ಕಂಪ್ಯೂಟರು ಮಾಡುವ ಕಂಪನಿಯಲ್ಲಿ ಏಳು ದೇಶಗಳನ್ನು ನೋಡಿಕೊಂಡವರು. ನಾನು ಏಳು ಮನೆಯ ನೆಂಟರನ್ನೂ ನೋಡಿಕೊಳ್ಳಲಾರೆ. ಎಲ್ಲರೂ ಮಾಜಿಗಳು. ಎಲ್ಲರೂ ಟೆಕ್ನಾಲಜಿ ಕಂಪನಿಗಳಲ್ಲಿ ದೊಡ್ಡ ದೊಡ್ಡ ಕುರ್ಚಿ ಬಿಟ್ಟು ಈಗ ಬೇರೆಯವರ ಕಂಪನಿ ಕೊಳ್ಳುವುದಕ್ಕೆ ಬಂದು ಕೂತಿದ್ದಾರೆ. ಇದರಲ್ಲಿ ವಿಚಿತ್ರವೇನೂ ಇಲ್ಲವೆಂದು ನನಗೆ ಅನ್ನಿಸಿತು. ನಮ್ಮೂರಿನ ಆಲೆಮನೆಯಲ್ಲಿ ಬೆಲ್ಲದ ಪಾಕ ಹದ ನೋಡುತ್ತಿದ್ದ ಬಸವಣ್ಣ ಅಂತ ಇದ್ದ. ಇಪ್ಪತ್ತು ವರ್ಷ ಕೊಪ್ಪರಿಗೆಯ ಮುಂದೆ ನಿಂತು ಮುಖ ಕೆಂಪಾದ ಮೇಲೆ, ‘ಸಾಕು ಬುಡು’ ಎಂದು ತಾನು ಬೇಯುವುದನ್ನು ಬಿಟ್ಟು ಊರೂರಿನ ಆಲೆಮನೆಗಳಲ್ಲಿ ಪಾಲು ಹಿಡಿಯಲು ಶುರುಮಾಡಿದ. ದೂರದಿಂದ ಹೊಗೆ ನೋಡಿಯೇ ಯಾವ ಆಲೆಮನೆ ಚೆನ್ನಾಗಿ ನಡೆಯುತ್ತದೆ ಎಂದು ಹೇಳುತ್ತಿದ್ದ. ಅವನಿಗೆ ಯಾರೂ ಪ್ರೈವೇಟ್ ಈಕ್ವಿಟಿ ಎನ್ನಲಿಲ್ಲ, ಅಷ್ಟೇ. ಕೈಕಟ್ಟಿಸಿ ಫೋಟೋನೂ ತೆಗೆಯಲಿಲ್ಲ.

ನಮ್ಮ ಕಾರ್ಖಾನೆಗೆ ಬರುವವರು ಇವರಲ್ಲಿ ನಾಲ್ಕನೆಯವರು, ಕೆ. ಪಿ. ಸ್ವಾಮಿ. ಅವರ ವಿವರವನ್ನು ನಿಮ್ಮಮ್ಮ ಓದಿ ಹೇಳಿದಳು. ಟೆಲಿಫೋನ್ ಕಾರ್ಖಾನೆಯಲ್ಲಿ ಇಂಜಿನಿಯರು, ಆಮೇಲೆ ಕಂಪ್ಯೂಟರ್ ಕಂಪನಿ, ಆಮೇಲೆ ಸಿಂಗಪುರ, ಆಮೇಲೆ ಅಮೆರಿಕದಲ್ಲಿ ಎರಡು, ಆಮೇಲೆ ಬೆಂಗಳೂರಿನಲ್ಲಿ ದೊಡ್ಡ ಕಂಪನಿಗೆ ಮುಖ್ಯಸ್ಥ. ಒಟ್ಟು ಆರು ಕಂಪನಿ. ನಾನು ಬೆರಳು ಮಡಿಸುತ್ತಾ ಕೂತಿದ್ದೆ.

‘ಆರೂ ಬಿಟ್ಟವರಾ?’ ಎಂದೆ.

‘ಅಮ್ಮ, ಅದು ಬಿಟ್ಟಿದ್ದಲ್ಲ, ಮೇಲಕ್ಕೆ ಹೋಗಿದ್ದು. ಇದು ಎಂಥ ಬ್ಯಾಕ್‌ಗ್ರೌಂಡು ಗೊತ್ತಾ ನಿಂಗೆ?’

‘ಎಲ್ಲೆಲ್ಲಿ ಸೇರಿದರು ಅಂತ ಬರೆದವ್ರೆ. ಹೆಂಗೆ ಬಿಟ್ಟರು ಅಂತ ಎಲ್ಲಿ ಬರೆದವ್ರೆ?’

ನಿಮ್ಮಮ್ಮ ಫೋನು ಕೆಳಗಿಟ್ಟಳು. ಕೋಪ ಬರುತ್ತದೆ ಎಂದುಕೊಂಡೆ, ಬರಲಿಲ್ಲ. ‘ಅದೇ ಅಮ್ಮ ನಂಗೂ ನಿದ್ದೆ ಕೆಡಿಸಿರೋದು’ ಎಂದಳು. ‘ಐದು ವರ್ಷ ಆದ್ಮೇಲೆ ಇವ್ರು ಯಾರಿಗೋ ಮಾರಿ, ಅವ್ರು ಬಂದು ಬೀಗ ಹಾಕಿದ್ರೆ ಆ ಇಪ್ಪತ್ತೆರಡು ಜನಕ್ಕೆ ನಾನೇನು ಹೇಳ್ಲಿ? ಬೇಡ ಅಂದ್ರೆ ಈ ವರ್ಷವೇ ಬೀಗ. ಶುಕ್ರವಾರ ಬರ್ತಾರೆ. ಅವತ್ತೇ ಉತ್ತರ ಹೇಳ್ಬೇಕು.’ ಹಾಗೆನ್ನುತ್ತಾ ಅವಳು ನಿಮ್ಮ ಹೋಂವರ್ಕ್ ಪುಸ್ತಕಕ್ಕೆ ತಲೆಕೆಳಗಾಗಿ ಬೈಂಡು ಹಾಕುತ್ತಿದ್ದಳು. ಹಾಕಿ ಮುಗಿಯುವವರೆಗೂ ಅದು ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಹೋಗುತ್ತಾ ಹೋಗುತ್ತಾ ಹೇಳಿದಳು, ‘ಫೋನಲ್ಲಿ ಚೆನ್ನಾಗಿ ಮಾತಾಡಿದ್ರು. ನಮ್ದೂ ಮಂಡ್ಯ ಕಡೇನೇ, ಕಿರುಗಾವಲು ಅಂದ್ರು.’

ನಾನು ಆ ರಾತ್ರಿಯೇ ಪಕ್ಕದ ಮನೆಯ ಜಯಮ್ಮನ ಬಾಗಿಲು ತಟ್ಟಿದೆ. ಜಯಮ್ಮ ನನ್ನ ಸ್ವಭಾವಕ್ಕೆ ತದ್ವಿರುದ್ಧ. ಬಸ್ಸಿನಲ್ಲಿ ಕಂಡಕ್ಟರಿಂದಲೇ ಜಾಗ ಬಿಡಿಸಿ ಕೂರುವವಳು. ‘ಜಯಮ್ಮ, ಕಿರುಗಾವಲಿಗೆ ಹೋಗಬೇಕು, ಒಬ್ಬರ ವಿಚಾರ ತಿಳಿಯಬೇಕು’ ಎಂದೆ. ಯಾರು, ಏನು, ಏಕೆ ಎಂದು ಅವಳು ಕೇಳಲೇ ಇಲ್ಲ. ‘ಎಷ್ಟೊತ್ಗೆ ಬಸ್ಸು?’ ಎಂದಳು. ಇಂಥವರು ನಿಮಗೂ ಒಬ್ಬೊಬ್ಬರು ಸಿಗಲಿ.

ಬುಧವಾರ ಬೆಳಿಗ್ಗೆ ಮದ್ದೂರಿನಲ್ಲಿ ಬಸ್ಸು ಹತ್ತಿದೆವು. ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು. ಕಿಟಕಿಯ ಪಕ್ಕ ಕೂತು ನಾನು ಇಪ್ಪತ್ತು ವರ್ಷದವಳಾಗಿದ್ದೆ. ಕಬ್ಬಿನ ಗದ್ದೆ ಓಡುತ್ತಿತ್ತು, ನಾನೂ ಓಡುತ್ತಿದ್ದೆ. ಗಂಡನಿಲ್ಲದ ಮೇಲೆ ಒಂದು ಸ್ವಂತ ಕೆಲಸಕ್ಕೆಂದು ನಾನು ಬಸ್ಸು ಹತ್ತಿದ್ದು ಅದೇ ಮೊದಲು. ಆಸ್ಪತ್ರೆಗೆ ಹೋಗಿದ್ದೆ, ತಿಥಿಗೆ ಹೋಗಿದ್ದೆ, ಪಿಂಚಣಿಯ ಸಹಿಗೆ ಹೋಗಿದ್ದೆ. ಇದು ಬೇರೆ. ಜಯಮ್ಮ ಪ್ಲಾಸ್ಟಿಕ್ ಕವರಿನಿಂದ ವಡೆ ತೆಗೆದು ಕೊಟ್ಟಳು. ‘ಅಕ್ಕ, ನಿನ್ ಮೊಕ ನೋಡುದ್ರೆ ಓಡೋಯ್ತಾ ಇರೋ ಹುಡ್ಗಿ ಇದ್ದಂಗೆ ಐತೆ, ತಿನ್ನು’ ಎಂದಳು.

ಕಿರುಗಾವಲಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೆ. ಪಿ. ಸ್ವಾಮಿ ಯಾರಿಗೂ ಗೊತ್ತಿರಲಿಲ್ಲ. ಜಯಮ್ಮ, ಅಮೆರಿಕಕ್ಕೆ ಹೋಗಿದ್ದವರು, ಕಂಪ್ಯೂಟರಿನವರು ಎಂದೆಲ್ಲ ವಿವರಿಸಿದಳು. ಟೀ ಸೋಸುತ್ತಿದ್ದವರು ಯೋಚಿಸಿ ಯೋಚಿಸಿ, ‘ಓ, ಮಿಷನ್ ಮನೆ ಪುಟ್ಟಸ್ವಾಮಣ್ಣನಾ? ಅಂಗೇಳಿ ಮತ್ತೆ! ಅವ್ರಪ್ಪಂದು ಹಿಟ್ಟಿನ ಮಿಷನ್ನು. ಯಾಕ್ ಕೇಳ್ತೀರವ್ವಾ?’ ಎಂದರು.

ಜಯಮ್ಮ ನನ್ನ ಮುಖ ನೋಡಿದಳು. ಕಂಪನಿಯ ವಿಷಯ ಗುಟ್ಟು. ಹಳೆಯ ಅಭ್ಯಾಸದಿಂದ ನನ್ನ ಬಾಯಿಂದ ತಾನಾಗಿಯೇ ಬಂತು: ‘ಸುಮ್ನೆ, ಅಂಗೇ ಕೇಳ್ದೋ.’

ಟೀ ಅಂಗಡಿಯಲ್ಲಿ ಕೂತಿದ್ದ ನಾಲ್ಕೂ ಜನ ಒಟ್ಟಿಗೆ ಗ್ಲಾಸು ಕೆಳಗಿಟ್ಟರು. ಒಬ್ಬರು ಎದ್ದು ನನಗೆ ಬೆಂಚು ಬಿಟ್ಟುಕೊಟ್ಟರು. ಇನ್ನೊಬ್ಬರು ಯಾರಿಗೋ ಫೋನು ಹಚ್ಚಿದರು. ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಎಷ್ಟು ಒಳ್ಳೆಯ ಜನ ಎಂದುಕೊಂಡೆ.

ಹಿಟ್ಟಿನ ಮಿಷನ್ನು ಹಿಂದಿನ ಬೀದಿಯಲ್ಲಿತ್ತು. ಅದನ್ನು ನಡೆಸುತ್ತಿದ್ದವರು ಖಲೀಲ್ ಸಾಬರು. ರೆಪ್ಪೆ, ಗಡ್ಡ ಎಲ್ಲ ರಾಗಿ ಹಿಟ್ಟಿನಲ್ಲಿ ಬೆಳ್ಳಗಾಗಿತ್ತು. ಪುಟ್ಟಸ್ವಾಮಿಯ ಹೆಸರು ಹೇಳಿದ್ದೇ ತಡ ಅವರು ಮಿಷನ್ನನ್ನೇ ಆರಿಸಿಬಿಟ್ಟರು. ಕಾಯುತ್ತಿದ್ದವರು ಗೊಣಗಿದರು. ‘ಇರ್ರವ್ವಾ, ಸ್ವಾಮಣ್ಣನ ಸುದ್ದಿ’ ಎಂದು ಅವರನ್ನು ಸುಮ್ಮನಾಗಿಸಿ ನಮ್ಮನ್ನು ಒಳಗೆ ಕರೆದರು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದಪ್ಪ ಅಕ್ಷರಗಳಲ್ಲಿ ಏನೋ ಬರೆದಿತ್ತು. ಹಿಟ್ಟು ಹಿಡಿದು ಮಾಸಿತ್ತು, ಆದರೆ ಓದಬಹುದಿತ್ತು. ಟಕಟಕ ಅಂದರೆ ಬೆಲ್ಟು ಸಡಿಲ. ಗೊರಗೊರ ಅಂದರೆ ಕಲ್ಲಿಗೆ ಉಳಿ ಹಾಕಿಸಬೇಕು. ಸುಟ್ಟ ವಾಸನೆ ಬಂದರೆ ಮೊದಲು ಆರಿಸು, ಆಮೇಲೆ ಯೋಚಿಸು. ಯಾವ ಶಬ್ದವೂ ಬರದಿದ್ದರೆ ಕರೆಂಟು ಇಲ್ಲ.

‘ಅವ್ರ ಕೈಬರಹ ಅಮ್ಮಾ ಇದು’ ಎಂದರು ಖಲೀಲ್ ಸಾಬರು. ‘ಅವ್ರಪ್ಪ ತೀರ್ಕೊಂಡ್ ಮೇಲೆ ಸ್ವಾಮಣ್ಣಂಗೆ ಬೆಂಗ್ಳೂರಲ್ಲಿ ಟೆಲಿಫೋನ್ ಕಾರ್ಖಾನೆ ಕೆಲ್ಸ ಸಿಕ್ತು. ನಾನ್ ಆವಾಗ ಬರೀ ಚೀಲ ಹೊರ್ತಿದ್ದೆ. ಮಿಷನ್ ಮಾರ್ತಾರೆ, ಗುಜರಿಯವ್ರು ಬತ್ತಾರೆ ಅಂತ ಎಲ್ರೂ ಅಂದ್ರು. ಇವ್ರು ಬಂದು, ಖಲೀಲಾ, ನಾನು ಆರು ತಿಂಗ್ಳಿಗೆ ಓಯ್ತೀನಿ, ಅಷ್ಟ್ರೊಳ್ಗೆ ನೀನು ಕಲೀಬೇಕು ಅಂದ್ರು. ಕಲ್ಸಿದ್ರು. ಓದ್ ಮೇಲೂ ಮೂರು ತಿಂಗ್ಳು ಭಾನ್ವಾರ ಭಾನ್ವಾರ ಬಂದು ಸುಮ್ನೆ ಅಲ್ಲಿ ಚೀಲದ ಮೇಲೆ ಕೂತ್ಕೊಳೋರು. ಕೈ ಹಾಕ್ತಿರ್ಲಿಲ್ಲ. ಒಂದಿನ, ಇನ್ಮೇಲೆ ನಾನ್ ಬರಲ್ಲ ಕಣಪ್ಪ, ನಿಂಗೆ ನನ್ ಬೇಕಾಗಿಲ್ಲ ಅಂದ್ರು. ನಾನು ಅತ್ತುಬುಟ್ಟೆ.’

ನನಗೆ ಆ ಹಿಟ್ಟಿನ ಧೂಳಿನಲ್ಲಿ ಕುಣಿಯಬೇಕು ಅನ್ನಿಸಿತು. ಹುಡುಕಿಕೊಂಡು ಬಂದದ್ದು ಕೆಂಪು ಬಣ್ಣದಲ್ಲಿ ಗೋಡೆಯ ಮೇಲೇ ಇತ್ತು! ಆರು ಕಂಪನಿಗಳ ಹೆಸರಿದ್ದ ಆ ವಿವರದಲ್ಲಿ ಈ ಮಿಷನ್ನಿನ ಹೆಸರೇ ಇರಲಿಲ್ಲ. ಆದರೆ ಅವರು ಮೊದಲು ಬಿಟ್ಟ ಕೆಲಸ ಇದು. ನಾನು ತಲೆ ತಗ್ಗಿಸಿಕೊಂಡು ನಗುತ್ತಾ ನಿಂತಿದ್ದೆ. ಅದನ್ನು ಹೊರಗೆ ಕಾಯುತ್ತಿದ್ದ ಹೆಂಗಸರೆಲ್ಲ ನೋಡಿದರು.

ಅಷ್ಟರಲ್ಲಿ ಸುದ್ದಿ ತಿಳಿದು ಪುಟ್ಟಸ್ವಾಮಿಯವರ ಚಿಕ್ಕಮ್ಮ ನಿಂಗಮ್ಮನವರೇ ಬಂದು ನಮ್ಮನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋದರು. ಎಂಬತ್ತರ ಹತ್ತಿರದ ವಯಸ್ಸು, ಆದರೆ ಹಿಡಿತ ಬಿಗಿ. ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಕಾಫಿ ಬಂತು, ಚಕ್ಕುಲಿ ಬಂತು, ಎದುರು ಮನೆಯ ಮೂರು ಹೆಂಗಸರು ಬಂದರು. ನಿಂಗಮ್ಮನವರು ಜಯಮ್ಮನನ್ನು ಕೇಳಿದರು, ‘ಇವ್ರು ಯಾರವ್ವಾ?’

‘ಇವ್ರೇ ಕಣವ್ವ ಮುಖ್ಯವಾದೋರು. ಇವ್ರು ಊ ಅಂದ್ರೆ ಎಲ್ಲಾ ಆದಂಗೆ’ ಎಂದಳು ಜಯಮ್ಮ. ಕಂಪನಿಯ ಗುಟ್ಟು ಕಾಪಾಡಿದೆ ಎಂಬ ಹೆಮ್ಮೆ ಅವಳ ಮುಖದಲ್ಲಿತ್ತು.

ನಿಂಗಮ್ಮನವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ‘ವಯಸ್ಸೆಷ್ಟಾಯ್ತವ್ವ ನಿಮ್ಗೆ?’

‘ಅರವತ್ತಾರು.’

‘ನಮ್ ಸ್ವಾಮಿಗೆ ಅರವತ್ತೊಂದು. ಇರ್ಲಿ ಬುಡಿ, ಈಗ ಯಾರ್ ನೋಡ್ತಾರೆ.’

ಇದು ನನಗೆ ಅರ್ಥವಾಗಲಿಲ್ಲ. ವಯಸ್ಸಾದವರು ಏನೋ ಒಂದು ಮಾತು ಹೇಳುತ್ತಾರೆ ಎಂದುಕೊಂಡೆ. ಅವರು ಮುಂದುವರಿಸಿದರು: ‘ಎಂಡ್ತಿ ಓಗಿ ಎಂಟೊರ್ಸ ಆಯ್ತು. ಮಕ್ಳು ಅವ್ರ್ ಪಾಡ್ಗೆ ಅವ್ರೆ. ಒಂಟಿಯಾಗವ್ನೆ. ಕುಡಿಯಲ್ಲ, ಸೇದಲ್ಲ. ಒಂದೇ ಒಂದು ಕೆಟ್ಟ ಗುಣ ಐತೆ, ಮೊದ್ಲೇ ಏಳ್ಬುಡ್ತೀನಿ. ಊಟಕ್ಕೆ ಕೂತ್ರೆ ಪಂಕ್ತಿ ಮುಗಿಯೋ ಮುಂಚೇನೇ ಎಲೆ ಮಡಚಿ ಎದ್ದೋಯ್ತಾನೆ. ನೀವು ವಸಿ ತಿದ್ಕೋಬೇಕು.’

‘ತಿದ್ಕೋತಾರೆ ಬುಡವ್ವ, ಇವ್ರ ಮನೇಲಿ ಎಲ್ರೂ ಸಿಸ್ತು’ ಎಂದಳು ಜಯಮ್ಮ.

ನಾನು ತಲೆ ತಗ್ಗಿಸಿ ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದೆ. ಬಿಡುವುದಕ್ಕೆ ಮುಂಚೆ ಕಲಿಸುತ್ತಾನೆ, ಒಳ್ಳೆಯದು. ಪಂಕ್ತಿ ಮುಗಿಯುವ ಮುಂಚೆ ಏಳುತ್ತಾನೆ, ನಿಮ್ಮಮ್ಮನಿಗೆ ಹೇಳಬೇಕು. ಹೊರಡುವಾಗ ನಿಂಗಮ್ಮನವರು ಒಳಗೆ ಹೋಗಿ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಹಸಿರು ಬಣ್ಣದ ರವಿಕೆ ಬಟ್ಟೆ ಇಟ್ಟುಕೊಂಡು ಬಂದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಮಕ್ಕಳೇ, ನಿಮ್ಮ ತಾತ ಹೋದ ಮೇಲೆ ಇಂಥ ತಟ್ಟೆ ಬಂದಾಗ ಪಕ್ಕದವರ ಮುಂದೆ ನಿಲ್ಲುತ್ತದೆ, ನನ್ನನ್ನು ದಾಟಿ ಹೋಗುತ್ತದೆ. ಯಾರೂ ಬೇಕೆಂದು ಮಾಡುವುದಿಲ್ಲ, ಅದಕ್ಕೆ ನಾನೂ ಹೊಂದಿಕೊಂಡು ತಟ್ಟೆ ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಈ ಅಜ್ಜಿ ನನ್ನ ಕೈಯನ್ನು ಬಲವಂತವಾಗಿ ಮುಂದಕ್ಕೆ ಎಳೆದು ಸೆರಗಿನಲ್ಲಿ ಹಾಕಿದರು. ‘ತಕಳವ್ವ, ನಾಚ್ಕೋಬೇಡ’ ಎಂದರು. ಬಸ್ಸಿನಲ್ಲಿ ಮಳವಳ್ಳಿಯವರೆಗೂ ಆ ಬಟ್ಟೆಯನ್ನು ಮಡಿಲಿನಿಂದ ಕೆಳಗಿಡಲಿಲ್ಲ. ಲೋಕ ಎಷ್ಟು ಮುಂದುವರಿದಿದೆ, ಕಿರುಗಾವಲಿನ ಅಜ್ಜಿಗೂ ಹಳೆಯ ಕಟ್ಟಳೆ ಬೇಡವಾಗಿದೆ ಎಂದು ಜಯಮ್ಮನಿಗೆ ಹೇಳಿದೆ. ಜಯಮ್ಮ ಚಕ್ಕುಲಿ ತಿನ್ನುತ್ತಿದ್ದಳು. ‘ನಂಗ್ಯಾಕ್ ಕೊಡ್ಲಿಲ್ಲ?’ ಎಂದಳು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮನೆಗೆ ಬಂದು ಗೋಡೆಯ ಬರಹದ ವಿಷಯವನ್ನು ನಿಮ್ಮಮ್ಮನಿಗೆ ಹೇಳೋಣವೆಂದರೆ ಕದ್ದು ಹೋದದ್ದನ್ನು ಮೊದಲು ಹೇಳಬೇಕು. ಅದಕ್ಕೆ ಧೈರ್ಯ ಬರಲಿಲ್ಲ. ಗುರುವಾರವೆಲ್ಲ ಬಾಯಿತನಕ ಬಂದದ್ದನ್ನು ನುಂಗಿದೆ. ಶುಕ್ರವಾರ ಬೆಳಿಗ್ಗೆ ಅವಳು, ‘ಅಮ್ಮ, ನೀನೂ ಬಾ. ಮನೇಲಿ ಮಾಡಿದ ಕಾಫಿ ಕೊಡೋಣ ಅವ್ರಿಗೆ’ ಎಂದಳು. ನಾನು ಸೋಮನಹಳ್ಳಿಯ ಕಾರ್ಖಾನೆಯಲ್ಲಿ ಡಬ್ಬಿಗಳ ರಾಶಿಯ ಹಿಂದೆ ಫ್ಲಾಸ್ಕು ಹಿಡಿದು ನಿಂತೆ.

ಕಾರಿನಿಂದ ಮೂವರು ಇಳಿದರು. ಇಬ್ಬರು ಲ್ಯಾಪ್‌ಟಾಪಿನವರು, ಒಬ್ಬರು ಪುಟ್ಟಸ್ವಾಮಿಯವರು. ಫೋಟೋದಲ್ಲಿದ್ದಷ್ಟು ಧೈರ್ಯ ಮುಖದಲ್ಲಿ ಇರಲಿಲ್ಲ. ನಿಮ್ಮಮ್ಮ ಯಂತ್ರಗಳನ್ನು ತೋರಿಸುತ್ತಾ ಬಂದು, ‘ಇವರು ನಮ್ಮಮ್ಮ, ಮದ್ದೂರಿಂದ ಕಾಫಿ ತಂದಿದ್ದಾರೆ’ ಎಂದಳು. ಅವರು ನನ್ನನ್ನು ನೋಡಿದರು. ಅವರ ಕಿವಿಯ ತುದಿ ಕೆಂಪಾಯಿತು.

‘ಅಮ್ಮ, ಬುಧವಾರ ಕಿರುಗಾವಲಿಗೆ ಬಂದಿದ್ದವರು ನೀವೇನಾ?’

ನಿಮ್ಮಮ್ಮ ‘ಕಿರುಗಾವಲಿಗಾ?’ ಎಂದಳು.

‘ನಮ್ಮ ಚಿಕ್ಕಮ್ಮ ಅವತ್ತಿಂದ ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಾ ಇದಾರೆ’ ಎಂದರು ಅವರು, ನೆಲ ನೋಡುತ್ತಾ. ‘ಮದ್ದೂರಿನ ಕಡೆಯಿಂದ ಒಬ್ಬರು ಬಂದಿದ್ರು, ಬಹಳ ಮರ್ಯಾದಸ್ಥರು, ಏನು ಕೇಳಿದ್ರೂ ತಲೆ ತಗ್ಗಿಸಿ ನಗ್ತಿದ್ರು, ಅವರಿಗೆ ಮನಸ್ಸಿದೆ, ನೀನು ಹೂ ಅನ್ನು ಅಂತ. ನಾನು ಚಿಕ್ಕಮ್ಮನಿಗೇನೋ ಅರಳು ಮರಳು ಅಂದ್ಕೊಂಡಿದ್ದೆ.’

ನಸೀಮಾ ಮೊದಲು ಬಾಯಿಗೆ ದುಪಟ್ಟ ಅಡ್ಡ ಹಿಡಿದಳು. ಆಮೇಲೆ ಗೋಡೆ ಹಿಡಿದಳು. ಆಮೇಲೆ ನೆಲದ ಮೇಲೆ ಕೂತೇಬಿಟ್ಟಳು. ಕೆಲಸದ ಹೆಂಗಸರಲ್ಲಿ ಒಬ್ಬಳು ‘ಅಯ್ಯೋ ಸಿವನೇ, ಅಮ್ಮಾವ್ರಾ!’ ಎಂದಳು. ನಿಮ್ಮಮ್ಮ ‘ಅಮ್ಮಾ!’ ಎಂದು ಕೂಗಿದ ದನಿಗೆ ಲ್ಯಾಪ್‌ಟಾಪಿನವರು ಎರಡು ಹೆಜ್ಜೆ ಹಿಂದೆ ಸರಿದರು. ಅರವತ್ತೊಂದು, ಅರವತ್ತಾರು, ಇರ್ಲಿ ಬುಡಿ, ಹಸಿರು ರವಿಕೆ ಬಟ್ಟೆ, ಬೆಂಚು ಬಿಟ್ಟುಕೊಟ್ಟವರು, ದುಡ್ಡು ತೆಗೆದುಕೊಳ್ಳದ ಟೀ, ಎಲ್ಲವೂ ಒಟ್ಟಿಗೆ ನನ್ನ ತಲೆಯ ಮೇಲೆ ಬಿದ್ದವು. ಡಬ್ಬಿಗಳ ರಾಶಿಯೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳೋಣ ಅನ್ನಿಸಿತು. ರಾಶಿಗೆ ಬಾಗಿಲಿರಲಿಲ್ಲ.

ಮಿತಿ ಮೀರಿದ ನಾಚಿಕೆಯ ಆಚೆಗೆ ಒಂದು ಧೈರ್ಯ ಇರುತ್ತದೆ ಮಕ್ಕಳೇ. ಇನ್ನೇನೂ ಹೋಗುವುದಕ್ಕೆ ಉಳಿದಿಲ್ಲ ಎಂದಾಗ ಬರುವ ಧೈರ್ಯ. ಏಳು ವರ್ಷ ಶಾಲೆಯಲ್ಲಿ ಎದ್ದು ನಿಲ್ಲದವಳು ಅವತ್ತು ತಲೆ ಎತ್ತಿದೆ. ‘ನಾನು ಅದಕ್ಕೆ ಹೋಗಿದ್ದಲ್ಲ’ ಎಂದೆ. ‘ನೀವು ಬಿಟ್ಟು ಹೋಗುವಾಗ ಹೆಂಗೆ ಬಿಡ್ತೀರಿ ಅಂತ ತಿಳ್ಕೊಳಕ್ಕೆ ಹೋಗಿದ್ದೆ. ಮಿಷನ್ನಿನ ಗೋಡೆ ಓದ್ಕೊಂಡು ಬಂದಿದೀನಿ. ಆಮೇಲೆ ಆರು ಕಂಪನಿ ಬಿಟ್ಟಿದೀರಲ್ಲ, ಎಲ್ಲಾನೂ ಹಂಗೇ ಬಿಟ್ಟಿರಾ?’

ನಸೀಮಾಳ ನಗು ನಿಂತಿತು. ಪುಟ್ಟಸ್ವಾಮಿಯವರು ಒಂದು ಸ್ಟೂಲು ಎಳೆದುಕೊಂಡು ಕೂತರು.

‘ಇಲ್ಲಮ್ಮ’ ಎಂದರು. ‘ನಾಲ್ಕನ್ನ ಹಾಗೆ ಬಿಟ್ಟೆ. ಎರಡನ್ನ ಹಾಗೆ ಬಿಡ್ಲಿಲ್ಲ. ಒಂದ್ರಲ್ಲಿ ನಾನು ಎದ್ದು ಬಂದ ವರ್ಷಕ್ಕೇ ಬಾಗಿಲು ಹಾಕಿದ್ರು. ಯಾರಿಗೂ ಏನೂ ಕಲಿಸಿರ್ಲಿಲ್ಲ, ಎಲ್ಲಾ ನಾನೇ ಮಾಡ್ತಿದ್ದೆ. ಅದು ನನ್ನ ಪ್ರೊಫೈಲ್‌ನಲ್ಲಿ ಇರಲ್ಲ. ಈ ಮೂವತ್ತು ವರ್ಷದಲ್ಲಿ ನನ್ನ ಹಿನ್ನೆಲೆ ವಿಚಾರಿಸೋಕೆ ವಕೀಲರು ಬಂದಿದಾರೆ, ಆಡಿಟರ್ ಬಂದಿದಾರೆ. ಮಿಷನ್ನಿಗೆ ಯಾರೂ ಹೋಗಿರ್ಲಿಲ್ಲ.’

‘ಪಂಕ್ತಿ ಮುಗಿಯೋ ಮುಂಚೆ ಏಳ್ತೀರಂತೆ’ ಎಂದೆ. ಏಕೆ ಹೇಳಿದೆನೋ ಗೊತ್ತಿಲ್ಲ, ಬಾಯಿ ಒಂದು ಸಲ ತೆರೆದುಕೊಂಡಿತ್ತು.

ಅವರು ಜೋರಾಗಿ ನಕ್ಕರು. ಅದನ್ನು ಕೇಳಿ ಇಪ್ಪತ್ತೆರಡು ಜನವೂ ನಕ್ಕರು. ಆದರೆ ನಿಮ್ಮಮ್ಮ ನಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರು ಕೂತಳು. ‘ಸರ್, ಹಾಗಾದ್ರೆ ಅದನ್ನೇ ಬರೆಯೋಣ’ ಎಂದಳು. ‘ನೀವು ಹೋಗೋಕೆ ಒಂದು ವರ್ಷ ಮುಂಚೆ ಹೇಳ್ಬೇಕು. ನಿಮ್ಮ ಜನ ಮಾಡೋ ಪ್ರತಿ ಕೆಲಸ ನಮ್ಮ ಹೆಂಗಸರಲ್ಲಿ ಇಬ್ಬರಿಗಾದ್ರೂ ಬರ್ಬೇಕು. ನಿಮ್ಮ ಪಾಲು ಮಾರೋವಾಗ ತಗೋತೀರಾ ಅಂತ ಮೊದ್ಲು ನಮ್ಮನ್ನೇ ಕೇಳ್ಬೇಕು, ನಮ್ಮಿಂದ ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ.’ ಲ್ಯಾಪ್‌ಟಾಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಂಥದ್ದು ಸಾಮಾನ್ಯವಾಗಿ ಇರುವುದಿಲ್ಲ ಎಂದರು. ಪುಟ್ಟಸ್ವಾಮಿಯವರು ‘ಬರ್ಕೊಳ್ರಪ್ಪಾ’ ಎಂದರು. ಅವತ್ತು ನಿಮ್ಮಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎರಡು ತಿಂಗಳು ಕಾಗದಗಳು ಅತ್ತಿಂದಿತ್ತ ಓಡಾಡಿದವು. ಕೊನೆಗೆ ಆ ಮೂರೂ ಮಾತು ಉಳಿದವು, ಆಮೇಲೆ ಸಹಿಯಾಯಿತು.

ಇದೆಲ್ಲ ಆಗಿ ಮೂರು ವರ್ಷವಾಯಿತು. ಈಗ ಕಾರ್ಖಾನೆಯಲ್ಲಿ ಅರವತ್ತು ಜನ ಇದ್ದಾರೆ. ಒಳಗೆ ಹೋದರೆ ಎದುರಿನ ಗೋಡೆಯ ಮೇಲೆ ಕೆಂಪು ಅಕ್ಷರಗಳು ಕಾಣಿಸುತ್ತವೆ. ಯಾವ ದೀಪ ಮಿನುಗಿದರೆ ಏನು ಕೆಟ್ಟಿದೆ, ಏನು ಮಾಡಬೇಕು, ಎಲ್ಲ ಅಲ್ಲಿನ ಹೆಂಗಸರೇ ಬರೆದದ್ದು. ಕೊನೆಯ ಸಾಲು ಮಾತ್ರ ಕಿರುಗಾವಲಿನಿಂದ ಬಂದದ್ದು: ಯಾವ ಶಬ್ದವೂ ಬರದಿದ್ದರೆ ಕರೆಂಟು ಇಲ್ಲ. ಪುಟ್ಟಸ್ವಾಮಿಯವರು ತಿಂಗಳಿಗೊಮ್ಮೆ ಬರುತ್ತಾರೆ. ಆಯುಧಪೂಜೆಯ ಊಟಕ್ಕೆ ಕೂತಾಗ ಪಂಕ್ತಿ ಮುಗಿಯುವವರೆಗೆ ಏಳುವುದಿಲ್ಲ, ಅದಕ್ಕೆ ಕಷ್ಟಪಡುತ್ತಾರೆ, ಪಾಪ. ನನ್ನನ್ನು ‘ಅಕ್ಕ’ ಎನ್ನುತ್ತಾರೆ. ಬಹಳ ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ‘ಅಕ್ಕ’ ಎನ್ನುತ್ತಾರೆ. ನಿಂಗಮ್ಮನವರಿಗೆ ಮಾತ್ರ ಇನ್ನೂ ನಂಬಿಕೆ ಹೋಗಿಲ್ಲ. ಪ್ರತಿ ಯುಗಾದಿಗೂ ಫೋನು ಮಾಡಿ, ‘ಏನವ್ವ, ಆ ಬಟ್ಟೆ ಹೊಲ್ಸ್ಕೊಂಡ್ಯಾ?’ ಎಂದು ಕೇಳುತ್ತಾರೆ.

ಹೊಲಿಸಿಕೊಂಡಿಲ್ಲ. ಹೊಲಿಸಿದರೆ ಕಿರುಗಾವಲಿನವರು ಒಪ್ಪಿಗೆ ಎಂದುಕೊಂಡಾರು. ವಾಪಸ್ಸು ಕೊಡುವುದಕ್ಕೂ ಮನಸ್ಸು ಬರಲಿಲ್ಲ. ತಪ್ಪು ತಿಳಿದು ಕೊಟ್ಟಿದ್ದಾದರೂ ಅದು ನನ್ನ ಸೆರಗಿಗೇ ಬಿದ್ದದ್ದು. ಈ ಹಾಳೆಗಳನ್ನು ಅದೇ ಹಸಿರು ಬಟ್ಟೆಯಲ್ಲಿ ಸುತ್ತಿ ನನ್ನ ಟ್ರಂಕಿನ ತಳದಲ್ಲಿ ಇಟ್ಟಿದ್ದೇನೆ. ಇನ್ನೆರಡು ವರ್ಷಕ್ಕೆ ಪುಟ್ಟಸ್ವಾಮಿಯವರು ಬಿಟ್ಟುಹೋಗುವ ದಿನ ಬರುತ್ತದೆ. ಅವತ್ತು ನಾನಿರಲಿ ಬಿಡಲಿ, ನೀವು ಇದನ್ನು ತೆಗೆದು ಓದಿ, ಹೇಳಿದ ಹಾಗೆ ಬಿಟ್ಟರೇ ಎಂದು ನೋಡಿ. ಅಲ್ಲಿಯವರೆಗೆ ಜೋಪಾನ. ಜಯಮ್ಮನ ಕೈಗೆ ಮಾತ್ರ ಸಿಗದಂತೆ ನೋಡಿಕೊಳ್ಳಿ, ತನಗೆ ರವಿಕೆ ಬಟ್ಟೆ ಯಾಕೆ ಕೊಡಲಿಲ್ಲವೆಂದು ಅವಳಿಗೆ ಇನ್ನೂ ಗೊತ್ತಿಲ್ಲ.